ದೊಡ್ಡತಾಯಮ್ಮ ಬೇರು ಕಿತ್ತ ಶನಿವಾರ

ದೊಡ್ಡತಾಯಮ್ಮ ತೀರಿಕೊಂಡರು. ಏಪ್ರಿಲ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ, ಸ್ಯಾನ್ ರಮೋನಿನಲ್ಲಿ, ತಾವು ಬಾಣಂತನ ಮಾಡುತ್ತಿದ್ದ ಮನೆಯ ಚಿಕ್ಕ ಕೋಣೆಯಲ್ಲಿ. ವಯಸ್ಸು ಅರವತ್ತೊಂಬತ್ತು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಆಂಬುಲೆನ್ಸಿನವರು ಹೇಳಿದರು. ಆಸ್ಪತ್ರೆಯವರೂ ಅದನ್ನೇ ಬರೆದುಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪಿನಲ್ಲಿ ಬೇರೆ ಮಾತು ಹರಿದಾಡುತ್ತಿತ್ತು. ಯಾವುದೋ ತೋಟದಿಂದ ಬೇರು ಕಿತ್ತು ತಂದಿದ್ದರಂತೆ, ಅದರ ಕಷಾಯ ಕುಡಿದು ಹೋದರಂತೆ, ಬಾಣಂತಿಗೂ ಕುಡಿಸಿದ್ದರಂತೆ. ಬೇರು ಕಿತ್ತದ್ದು ನಿಜ. ಒಲೆಯ ಮೇಲೆ ಇಟ್ಟದ್ದೂ ನಿಜ. ಅದನ್ನು ಯಾರೂ ಕುಡಿಯಲಿಲ್ಲ.

ಅವರು ಹೊಳೆನರಸೀಪುರದ ಕಡೆಯ ಹಳ್ಳಿಯವರು. ಹದಿನಾಲ್ಕು ವರ್ಷದ ಹಿಂದೆ ಮಗ ನಾಗಾರ್ಜುನನ ಮಗುವನ್ನು ನೋಡಿಕೊಳ್ಳಲು ಸಮುದ್ರ ದಾಟಿ ಎವರ್‌ಗ್ರೀನಿಗೆ ಬಂದವರು ಇಲ್ಲೇ ಉಳಿದರು. ಮೊಮ್ಮಗ ಶಾಲೆಗೆ ಹೋಗತೊಡಗಿದ ಮೇಲೆ ಕೈಗೆ ಕೆಲಸವಿಲ್ಲದಂತಾಯಿತು. ಆಗ ಪಕ್ಕದ ಬೀದಿಯ ಹುಡುಗಿಗೆ ಹೆರಿಗೆಯಾಗಿ, ಊರಿನಿಂದ ಬರಬೇಕಾದ ತಾಯಿಗೆ ವೀಸಾ ಸಿಗದೆ, ಒಂದು ವಾರ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಒಂದು ವಾರಕ್ಕೆ ಹೋದವರು ನಲವತ್ತು ದಿನ ಮುಗಿಸಿ ಬಂದರು. ಬಾಯಿಂದ ಬಾಯಿಗೆ ಹೆಸರು ಹರಡಿತು.

ಮಗನಿಗೆ ಇದು ಹಿಡಿಸಲಿಲ್ಲ. "ಅಮ್ಮ, ಮಗ ಇಂಜಿನಿಯರು, ತಾಯಿ ಮನೆಗೆಲಸಕ್ಕೆ ಹೋಗ್ತಾರೆ ಅಂತಾರೆ ಜನ."

"ಮನೆಗೆಲಸ ಅಲ್ಲ ಕಣೋ, ಬಾಣಂತನ," ಎಂದಿದ್ದರು. "ನಿನ್ನ ಮೀಟಿಂಗಿಗೆ ನಾನು ಬಂದು ಇದೇನು ಕೆಲಸ ಅಂತ ಕೇಳಿದ್ನಾ?"

ಹೋದ ಮನೆಯಲ್ಲಿ ಅವರು ಮೊದಲು ಮಾಡುತ್ತಿದ್ದ ಕೆಲಸ ಚಾವಣಿಯ ಸ್ಮೋಕ್ ಅಲಾರಮ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವುದು. ಇಲ್ಲದಿದ್ದರೆ ಸಾಂಬ್ರಾಣಿ ಹೊಗೆ ಹಾಕುವಂತಿರಲಿಲ್ಲ. ಹೊಗೆ ಆರಿದ ಮೇಲೆ ಮರೆಯದೆ ಟೋಪಿ ತೆಗೆಯುತ್ತಿದ್ದರು. ಬಾತ್ ಟಬ್ಬಿನಲ್ಲಿ ಮಣೆ ಹಾಕಿ ಕೂತು, ಚಾಚಿದ ಕಾಲಿನ ಮೇಲೆ ಕೂಸನ್ನು ಮಲಗಿಸಿ ನೀರು ಹಾಕುತ್ತಿದ್ದರು. ಬಾಣಂತಿಗೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸಾರು, ಮೆಂತ್ಯದ ಗಂಜಿ. ತಲೆಗೆ ಬಟ್ಟೆ ಕಟ್ಟದೆ ಬಾಗಿಲಾಚೆ ಕಾಲಿಡುವಂತಿಲ್ಲ. ಲ್ಯಾಬಿನಲ್ಲಿ ಹತ್ತು ಜನರನ್ನು ಆಳುವ ಹುಡುಗಿಯರು ಅವರ ಎದುರು ಕಿವಿಗೆ ಹತ್ತಿ ಇಟ್ಟುಕೊಂಡು ತೆಪ್ಪಗೆ ಕೂತಿರುತ್ತಿದ್ದರು.

ಸತ್ಯವತಿಯವರ ಸ್ನೇಹವಾದದ್ದೂ ಇಂಥ ಒಂದು ಬಾಣಂತನದಲ್ಲೇ. ಸತ್ಯವತಿ ಮೈಸೂರಿನ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದು ನಿವೃತ್ತರಾದವರು, ಸ್ಯಾನ್ ರಮೋನಿನಲ್ಲಿ ಮಗಳ ಜೊತೆ ಇದ್ದಾರೆ. ಮೊಮ್ಮಗಳು ಹುಟ್ಟಿದಾಗ ಬಂದ ದೊಡ್ಡತಾಯಮ್ಮ, "ನೀವು ಪುಸ್ತಕ ಓದ್ಕೊಳಿ, ನಾನು ಕೂಸು ನೋಡ್ಕತೀನಿ," ಎಂದು ಅವರನ್ನು ಅಡುಗೆಮನೆಯಿಂದ ಆಚೆ ಕಳಿಸಿದ್ದರು. ಆಮೇಲೆ ಏಳು ವರ್ಷ, ದಿನವೂ ಹನ್ನೊಂದು ಗಂಟೆಗೆ ಇಬ್ಬರಿಗೂ ಫೋನು.

ಸ್ಯಾನ್ ರಮೋನಿನ ನಿಸರ್ಗಾಳದು ದೊಡ್ಡತಾಯಮ್ಮ ಮಾಡಿದ ಇಪ್ಪತ್ತೆಂಟನೆಯ ಬಾಣಂತನ. ಚೊಚ್ಚಲು, ಹೆಣ್ಣು ಕೂಸು. ಮೊದಲ ದಿನವೇ ಹುಡುಗಿಯ ಮುಖದಲ್ಲಿ ಗಾಬರಿ ಕಂಡು ದೊಡ್ಡತಾಯಮ್ಮ ಅಂದರು, "ನನ್ನ ಕೈಯಾಗೆ ಇಪ್ಪತ್ತೇಳು ಕೂಸು ಎದ್ದವೆ ಕಣವ್ವ. ಒಂದುಕ್ಕೂ ಡಬ್ಬಿ ಹಾಲು ಮುಟ್ಸಿಲ್ಲ. ನೀನು ಯೋಚ್ನೆ ಮಾಡ್ಬೇಡ."

ಧೈರ್ಯ ತುಂಬಲು ಆಡಿದ ಮಾತು. ಅದೇ ಮುಂದೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಹಾಲು ಸಾಲದೆ ಬಂತು. ಸೊಪ್ಪು, ಬೆಳ್ಳುಳ್ಳಿ, ಗಸಗಸೆ, ಎಲ್ಲವೂ ಆಯಿತು. ಗಂಡ ತರುಣ್ ಎರಡು ಗಂಟೆಗೊಮ್ಮೆ ಹಾಲು ಹಿಂಡುವ ಪಂಪು ಜೋಡಿಸಿಕೊಡುತ್ತಿದ್ದ. ನಿಸರ್ಗಾ ಅದನ್ನು ಎದೆಗೆ ಹಚ್ಚಿಕೊಂಡು ಬಾಟಲಿಯ ತಳದಲ್ಲಿ ಎಷ್ಟು ಬಿತ್ತು ಎಂದು ನೋಡುತ್ತ ಕೂರುವಳು. ನಿದ್ದೆಯಿಲ್ಲ. ಹನ್ನೆರಡನೇ ದಿನ ಶುಕ್ರವಾರ, ಮಕ್ಕಳ ಡಾಕ್ಟರು ಕೂಸನ್ನು ತೂಗಿದರು. ಹುಟ್ಟಿದಾಗ ಆರು ಪೌಂಡು ಹನ್ನೆರಡು ಔನ್ಸು ಇದ್ದದ್ದು ಈಗ ಆರು ಪೌಂಡು ಒಂದು. ಇವತ್ತಿನಿಂದಲೇ, ಪ್ರತಿ ಸಲ ಎದೆಹಾಲು ಆದ ಮೇಲೆ ಒಂದು ಔನ್ಸು ಡಬ್ಬಿ ಹಾಲು ಕೊಡಿ, ಸೋಮವಾರ ಮತ್ತೆ ತೂಗೋಣ, ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಅಂಗಡಿಯಲ್ಲಿ ಸಿಗುವ ಶತಾವರಿ ಪುಡಿ ಬೇಡ, ಅದರಲ್ಲಿ ಏನೇನು ಬೆರೆತಿರುತ್ತದೋ ಗೊತ್ತಿಲ್ಲ ಎಂದೂ ಹೇಳಿದರು.

ತರುಣ್ ದಾರಿಯಲ್ಲೇ ಡಬ್ಬಿ ಕೊಂಡು ತಂದ. ನಿಸರ್ಗಾ ಅದನ್ನು ಕಂಡು ಅತ್ತಳು. "ಇಪ್ಪತ್ತೇಳು ಜನರಿಗೆ ಆಗಿದ್ದು ನನಗ್ಯಾಕೆ ಆಗಲ್ಲ ಅಜ್ಜಿ?"

ದೊಡ್ಡತಾಯಮ್ಮ ಆಗಲೇ ಡಬ್ಬಿ ಒಡೆಯಬೇಕಿತ್ತು. ಬದಲಿಗೆ, "ಸೋಮವಾರದ ಗಂಟ ಟೈಮು ಕೊಡಿ," ಎಂದುಬಿಟ್ಟರು.

"ಅಜ್ಜಿ, ಪ್ಲೀಸ್, ಡಾಕ್ಟರು ಇವತ್ತಿಂದ್ಲೇ ಅಂದಿದಾರೆ," ಎಂದ ತರುಣ್. ನಿಸರ್ಗಾ ಇನ್ನೂ ಜೋರಾಗಿ ಅತ್ತಳು. ಅವನು ಡಬ್ಬಿಯನ್ನು ಮೈಕ್ರೋವೇವಿನ ಮೇಲಿಟ್ಟ.

ಶನಿವಾರ ಬೆಳಿಗ್ಗೆ ಕೂಸಿಗೆ ನೀರು ಹಾಕುವಾಗ ದೊಡ್ಡತಾಯಮ್ಮ ನೆತ್ತಿ ಮುಟ್ಟಿ ನೋಡಿದರು. ತುಸು ಒಳಗೆ ಹೋದಂತಿತ್ತು, ಮೈಯಲ್ಲಿ ನೀರಿನಂಶ ಬತ್ತಿದರೆ ಆಗುವ ಹಾಗೆ. ಇನ್ನೊಮ್ಮೆ ಮುಟ್ಟಿದರು. ಇಲ್ಲವೇನೋ ಅನ್ನಿಸಿತು. ಮೂರನೇ ಸಲ ಮುಟ್ಟಲು ಹೆದರಿಕೆಯಾಗಿ ಟೋಪಿ ಹಾಕಿಬಿಟ್ಟರು. ನೀರು ಬಿದ್ದಾಗ ಕಿರುಚಬೇಕಾದ ಕೂಸು ಬರೀ ಬಾಯಿ ತೆರೆದು ಮುಚ್ಚಿತ್ತು. ಹಿಂದಿನ ದಿನ ಪೂರ್ತಿ ಒದ್ದೆಯಾದದ್ದು ಮೂರೇ ಡೈಪರು, ಆರಾದರೂ ಆಗಬೇಕು. ಇದ್ಯಾವುದನ್ನೂ ಅವರು ಯಾರಿಗೂ ಹೇಳಲಿಲ್ಲ. ಸತ್ಯವತಿಗೆ ಫೋನು ಮಾಡಿದರು.

"ಸತ್ಯವತಮ್ಮ, ಹೋದ ವರ್ಷ ಒಂದು ಫೋಟ ತೋರ್ಸಿದ್ರಲ್ಲ, ನಾವೇ ಕಿತ್ಕೊಳೋ ತೋಟ. ಅದು ತೆರ್ದೈತಾ?"

ಅದು ನದಿಗಳು ಕೂಡುವ ಡೆಲ್ಟಾ ಕಡೆಯ, ಆಸ್ಪರಾಗಸ್ ಎಂಬ ಕಡ್ಡಿ ತರಕಾರಿಯ ತೋಟ. ವಸಂತದಲ್ಲಿ ಜನ ಕುಟುಂಬ ಸಮೇತ ಹೋಗಿ ತಾವೇ ಕೊಯ್ದು ತರುತ್ತಾರೆ. ಹಿಂದಿನ ವರ್ಷ ಫೋಟೊ ತೋರಿಸುತ್ತ ಸತ್ಯವತಿ ಒಂದು ಮಾತು ಹೇಳಿದ್ದರು: ಇದೂ ನಮ್ಮ ಶತಾವರಿಯ ಕುಲದ್ದೇ. ಪುಸ್ತಕದಲ್ಲಿ ಓದಿದ್ದು, ಮಾತಿಗೆ ಬಂತು, ಹೇಳಿದ್ದರು. ಶತಾವರಿ ಎಂದರೆ ದೊಡ್ಡತಾಯಮ್ಮನಿಗೆ ಹಲವು ಮಕ್ಕಳ ತಾಯಿ ಬೇರು. ಅವರ ಊರಿನಲ್ಲಿ ಹಾಲಿಳಿಯದ ಬಾಣಂತಿಗೆ ಅದನ್ನು ಜಜ್ಜಿ ಹಾಲಿನಲ್ಲಿ ಕಾಯಿಸಿ ಕೊಡುತ್ತಾರೆ. ಪುಡಿ ಬೇಡ ಅಂದರು ಡಾಕ್ಟರು, ಸರಿ. ತಾನೇ ನೆಲದಿಂದ ಕಿತ್ತ ಹಸಿ ಬೇರಿನಲ್ಲಿ ಯಾರು ಏನು ಬೆರೆಸಿಯಾರು? ಅವರ ತರ್ಕ ಇಷ್ಟೇ ಇತ್ತು.

ಸತ್ಯವತಿ ಕಾರು ಕಲಿತದ್ದು ಅರವತ್ತು ದಾಟಿದ ಮೇಲೆ. ಫ್ರೀವೇ ಎಂದರೆ ಜೀವ ಕೈಯಲ್ಲಿ ಹಿಡಿಯುವವರು.

"ಒಸಿ ಜೋರಾಗಿ ಓಡ್ಸಿ ಸತ್ಯವತಮ್ಮ, ಎತ್ತಿನ ಗಾಡಿಯೋರೂ ನಮ್ಮನ್ನ ಹಿಂದಾಕ್ತಾರೆ."

"ಅರವತ್ತೈದು ದಾಟಿದ್ರೆ ಕೈ ನಡುಗತ್ತೆ ರೀ."

"ವಯಸ್ಸಾ, ಸ್ಪೀಡಾ?"

"ಎರಡೂನೂ."

ದೊಡ್ಡತಾಯಮ್ಮ ನಗಲಿಲ್ಲ. ತಮ್ಮದೇ ತಮಾಷೆಗೆ ತಾವೇ ಮೊದಲು ನಗುವ ಹೆಂಗಸು. ಗಾಳಿಯಂತ್ರಗಳ ಗುಡ್ಡ ದಾಟಿ ವಾಸ್ಕೊ ರೋಡಿನಲ್ಲಿ ಇಳಿಯುವಷ್ಟರಲ್ಲಿ ನಾಲ್ಕು ಸಲ ಗಂಟೆ ಎಷ್ಟಾಯಿತೆಂದು ಕೇಳಿದರು.

ತೋಟದ ಬಾಗಿಲಲ್ಲಿ ಒಬ್ಬ ಹುಡುಗಿ ರಟ್ಟಿನ ಪೆಟ್ಟಿಗೆ, ಚಿಕ್ಕ ಚಾಕು ಕೊಟ್ಟು ನಿಯಮ ಹೇಳಿದಳು. ಗೇಣುದ್ದ ಬೆಳೆದದ್ದನ್ನು ಮಾತ್ರ ತೆಗೆಯಬೇಕು, ಮಣ್ಣಿನ ಮಟ್ಟಕ್ಕೆ ಕೊಯ್ಯಬೇಕು, ಏರಿಯ ಮೇಲೆ ಕಾಲಿಡಬಾರದು, ಹಗ್ಗ ಕಟ್ಟಿದ ಪಾತಿಯೊಳಗೆ ಹೋಗಬಾರದು. ಸತ್ಯವತಿ ಮೊದಲ ಮೂರನ್ನು ಕನ್ನಡದಲ್ಲಿ ಹೇಳಿದರು. ನಾಲ್ಕನೆಯದು ಹೇಳಬೇಕೆಂದು ತೋಚಲಿಲ್ಲ.

ಕರೀ ಮಣ್ಣು. ಎಲೆಯಿಲ್ಲ, ಬಳ್ಳಿಯಿಲ್ಲ, ಬರೀ ನೆಲದಿಂದ ಹಸಿರು ಕಡ್ಡಿಗಳು ಎದ್ದು ನಿಂತಿದ್ದವು. ಎದುರು ನಿಂತರೆ ಒಂದೂ ಕಾಣುವುದಿಲ್ಲ, ಬಗ್ಗಿ ಓರೆಯಾಗಿ ನೋಡಿದರೆ ಸಾಲಿಗೆ ಸಾಲೇ ಕಾಣುತ್ತದೆ. ಬಿಸಿಲೇರಿದಂತೆ ಬೆಳೆಯುವ ಬೆಳೆ. ಬೆಳಿಗ್ಗೆ ಬೆರಳುದ್ದ ಇದ್ದದ್ದು ಮಾರನೆಯ ದಿನ ಗೇಣು ದಾಟಿರುತ್ತದೆ. ಸತ್ಯವತಿ ಒಂದೊಂದೇ ಕೊಯ್ದು ಪೆಟ್ಟಿಗೆಗೆ ಹಾಕತೊಡಗಿದರು. ದೊಡ್ಡತಾಯಮ್ಮ ಒಂದನ್ನು ಮುರಿದು ಮೂಸಿ ನೋಡಿದರು. ಹಸಿ ಬಟಾಣಿಯ ವಾಸನೆ. ಇದರಲ್ಲಿ ಗಿಡ ಯಾವುದು, ಬಳ್ಳಿ ಯಾವುದು? ಅವರ ಕಣ್ಣು ಬೇರೇನನ್ನೋ ಹುಡುಕುತ್ತಿತ್ತು.

"ಏನ್ ದೊಡ್ಡತಾಯಮ್ಮನೋರೆ!" ಎಂದು ಪಕ್ಕದ ಸಾಲಿನಿಂದ ಕುಬೇರಪ್ಪ ಕೂಗಿದರು. ಮಂಡ್ಯದ ಕಡೆಯವರು. ಅವರ ಸೊಸೆಯ ಬಾಣಂತನ ಮಾಡಿದ್ದು ಇವರೇ. "ಬಾಣಂತಿನ ಮನೇಲಿ ಬಿಟ್ಟು ಪಿಕ್ನಿಕ್ಕಾ?"

"ಸೊಪ್ಪಿಗೆ ಬಂದೆ ಕಣಪ್ಪ."

"ಹಾಲು ಗೀಲು ಚೆನ್ನಾಗೈತಾ ಹುಡುಗೀಗೆ? ನಿಮ್ಮ ಕೈ ಬಿದ್ಮೇಲೆ ಇನ್ನೇನು, ಕಲ್ಲೂ ಹಾಲು ಕೊಡ್ತದೆ!"

ದೊಡ್ಡತಾಯಮ್ಮ ತಲೆ ತಗ್ಗಿಸಿ ಮುಂದಕ್ಕೆ ನಡೆದುಬಿಟ್ಟರು. ಹೊಗಳಿಕೆಯನ್ನು ಬೈಗುಳದಂತೆ ಬೆನ್ನಿನ ಮೇಲೆ ಹೊತ್ತು ನಡೆದರು. ಸಾಲು ಮುಗಿದ ಕಡೆ ಹಗ್ಗ ಕಟ್ಟಿದ ಪಾತಿ. ಅಲ್ಲಿ ಕಡ್ಡಿಗಳನ್ನು ಕೊಯ್ಯದೆ ಬಿಟ್ಟಿದ್ದರಿಂದ ಸೊಂಟದೆತ್ತರ ಬೆಳೆದು ಕವಲೊಡೆದಿದ್ದವು. ಎಲೆಯೋ ಕೂದಲೋ ಎನ್ನುವಂಥ ನವಿರಾದ ಹಸಿರು. ಇದೇ. ಬೇಲಿಯ ಮೇಲೆ ಹಬ್ಬುವ ಹಲವು ಮಕ್ಕಳ ತಾಯಿಯ ಎಲೆಯೇ. ಊರಿನ ಬಳ್ಳಿಗಿರುವ ಮುಳ್ಳಿಗಾಗಿ ಕಾಂಡ ಸವರಿದರು. ಮುಳ್ಳಿರಲಿಲ್ಲ. ಇರಲಿ, ಈ ದೇಶದ ಗುಲಾಬಿಗೂ ಕೆಲವಕ್ಕೆ ಮುಳ್ಳಿಲ್ಲ ಎಂದುಕೊಂಡು ಹಗ್ಗದಡಿ ನುಸುಳಿ, ಕೂತು, ಚಾಕುವಿನಿಂದ ಬುಡ ಬಿಡಿಸತೊಡಗಿದರು.

ಮಣ್ಣು ಸಡಿಲ, ಬುಡ ಬೇಗನೆ ಬಂತು. ಊರಿನ ಬೇರಾದರೆ ಬೆರಳಿನಂಥ ಗೆಡ್ಡೆಗಳು ಒಂದೇ ಬುಡಕ್ಕೆ ಗೊಂಚಲಾಗಿ ನೇತುಬಿದ್ದಿರುತ್ತವೆ, ತಾಯಿಗೆ ಜೋತುಬಿದ್ದ ಮಕ್ಕಳ ಹಾಗೆ. ಇಲ್ಲಿ ಸಣ್ಣ ಹಗ್ಗದಂಥ ಬಿಳೀ ಬೇರುಗಳು ನಾಲ್ಕೂ ಕಡೆ ಚಾಚಿದ್ದವು. ದೊಡ್ಡತಾಯಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬೇರೆ ಮಣ್ಣಲ್ಲವೇ, ಸೊರಗಿರಬೇಕು. ಎರಡು ಬೇರು ಮುರಿದು ಸ್ವೆಟರಿನ ಜೇಬಿಗೆ ಹಾಕಿಕೊಂಡರು.

ಹಿಂದಿನಿಂದ ಯಾರೋ ಕೂಗಿದರು. ತೋಟದ ಯಜಮಾನಿ, ಹುಲ್ಲಿನ ಟೋಪಿ, ಸತ್ಯವತಿಯ ವಯಸ್ಸಿನವಳೇ, ಓಡುತ್ತ ಬಂದಳು. ಕೂಗು ಕೇಳಿ ಸತ್ಯವತಿಯೂ ಪೆಟ್ಟಿಗೆ ಬಿಟ್ಟು ಓಡಿಬಂದರು. ಯಜಮಾನಿಗೆ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು. ಅವಳು ಹೇಳಿದ್ದನ್ನು ಸತ್ಯವತಿ ತಡವರಿಸುತ್ತ ಕನ್ನಡಕ್ಕೆ ತಂದರು.

"ಇದು ಹೋದ ವರ್ಷ ನೆಟ್ಟಿದ್ದಂತೆ. ಮೂರನೇ ವರ್ಷದ ತನಕ ಒಂದು ಕಡ್ಡೀನೂ ಕುಯ್ಯಲ್ವಂತೆ. ಎಷ್ಟು ಬಂದ್ರೂ ಹಾಗೇ ಬಿಡ್ತಾರಂತೆ, ಬೇರಿಗೆ ಬಲ ಬರ್ಲಿ ಅಂತ. ಈಗ್ಲೇ ಬೆಳೆ ಕೇಳಿದ್ರೆ ಬುಡಾನೇ ಸತ್ತುಹೋಗತ್ತಂತೆ."

"ಬಾಣಂತಿಗೆ ಅಂತ ಹೇಳಿ. ಹಾಲಿಲ್ಲ ಅಂತ ಹೇಳಿ."

ಸತ್ಯವತಿ ಹೇಳಿದರು. ಯಜಮಾನಿಯ ಮುಖ ಸ್ವಲ್ಪ ಸಡಿಲವಾಯಿತು. ಏನೋ ಕೇಳಿದಳು.

"ನಿಮ್ಮೂರಲ್ಲಿ ಕೊಡೋದು ಇದೇ ಬೇರಾ ಅಂತ ಕೇಳ್ತಿದಾಳೆ."

ದೊಡ್ಡತಾಯಮ್ಮ ಕೈಯಲ್ಲಿದ್ದ ಬುಡವನ್ನು ಮಣ್ಣಿನ ಮೇಲೆ ಇಟ್ಟರು.

"ಈ ಪಾತಿಗೆ ಫೆಬ್ರವರೀಲಿ ಕಳೆ ಔಷಧಿ ಹೊಡೆದಿದಾರಂತೆ. ತಿನ್ನೋಕೆ ಕೊಡಬೇಡಿ ಅಂತಿದಾಳೆ."

ಯಜಮಾನಿ ಗುಂಡಿಯೊಳಗೆ ಮಣ್ಣಿನ ಗುಪ್ಪೆ ಮಾಡಿ, ಬುಡವನ್ನು ಅದರ ಮೇಲೆ ಕೂರಿಸಿದಳು. ದೊಡ್ಡತಾಯಮ್ಮ ಕೇಳದೆಯೇ ಮಂಡಿಯೂರಿ ಬೇರುಗಳನ್ನು ಒಂದೊಂದಾಗಿ ಸುತ್ತಲೂ ಬಿಡಿಸಿ ಹರಡಿದರು, ಸಿಕ್ಕುಗಟ್ಟಿದ ಜಡೆ ಬಿಡಿಸುವ ಹಾಗೆ. ಮಣ್ಣು ಮುಚ್ಚಿದರು. ಬದುಕುತ್ತದಾ ಎಂದು ಸತ್ಯವತಿಯಿಂದ ಕೇಳಿಸಿದರು. ಗೊತ್ತಿಲ್ಲ, ಮುಟ್ಟದೆ ಬಿಟ್ಟರೆ ಬದುಕಬಹುದು ಎಂದಳು ಯಜಮಾನಿ.

ಕಾರು ಮತ್ತೆ ವಾಸ್ಕೊ ರೋಡು ಹಿಡಿಯಿತು. ಸತ್ಯವತಿ ಅಂದರು, "ಒಂದೇ ಕುಲ ಅಂದಿದ್ದೆ ದೊಡ್ಡತಾಯಮ್ಮ. ಒಂದೇ ಗಿಡ ಅನ್ನಲಿಲ್ಲ."

"ನೀವು ಓದಿದೋರು. ನೀವು ಅಷ್ಟಂದಿದ್ದು ನಂಗೆ ಸಾಕಾಯ್ತು." ಆಡಿದ ಮೇಲೆ ಸತ್ಯವತಿಯ ಮುಖ ನೋಡಿ, "ಬೇಜಾರ್ ಮಾಡ್ಕಬೇಡಿ, ನಂಗೆ ಬೇಕಾಗಿತ್ತು, ಅದ್ಕೆ ನಂಬ್ದೆ," ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಅವರಿಗೊಬ್ಬಳು ಅಕ್ಕ, ಹುಚ್ಚಮ್ಮ. ಅವಳ ಚೊಚ್ಚಲಿಗೂ ಹೀಗೇ ಹಾಲಿಳಿಯಲಿಲ್ಲ. ದೊಡ್ಡತಾಯಮ್ಮನಿಗೆ ಆಗ ಹದಿನಾರು. ಅಜ್ಜಿ ದಾನವ್ವ ಊರಿಗೇ ಹೆರಿಗೆ ಮಾಡಿಸುವವಳು, ಅವಳ ಮಾತಿಗೆ ಎದುರಿಲ್ಲ. ಹಲವು ಮಕ್ಕಳ ತಾಯಿ ಬೇರು ಕಾಯಿಸಿ ಕೊಟ್ಟಳು. ಅಸಲಿ ಬೇರೇ. ಪಕ್ಕದ ಮನೆಯಲ್ಲಿ ಇನ್ನೊಬ್ಬಳು ಬಾಣಂತಿಯಿದ್ದಳು, ಅವಳ ಹತ್ತಿರ ಹಾಲು ಕುಡಿಸಿಕೊಂಡು ಬರಲೇ ಎಂದು ಅಮ್ಮ ಕೇಳಿದರೆ, "ಇನ್ನೆರಡು ದಿನ ನೋಡಾನ," ಎಂದಳು ದಾನವ್ವ. ಕೂಸನ್ನು ಎತ್ತಿಕೊಂಡಿರುತ್ತಿದ್ದುದು ದೊಡ್ಡತಾಯಮ್ಮ. ಅಳು ನಿಂತಿತ್ತು. ಒಳ್ಳೆ ಕೂಸು, ರಚ್ಚೆಯಿಲ್ಲ ಎಂದು ಎಲ್ಲರೂ ಅಂದರು.

"ನೆತ್ತಿ ಒಳೀಕೆ ಹೋಗಿತ್ತು ಸತ್ಯವತಮ್ಮ. ನನ್ನ ಬೆರಳಿಗೆ ಗೊತ್ತಾಯ್ತು. ಅಜ್ಜಿಗೆ ಹೆದರ್ಕೊಂಡು ಸುಮ್ಕಿದ್ದೆ. ಮೂರನೇ ದಿನ ಕೂಸು ಹೋಯ್ತು."

ಸತ್ಯವತಿ ಕಾರನ್ನು ಬದಿಗೆ ನಿಲ್ಲಿಸಿದರು.

"ಇವತ್ತು ಬೆಳಿಗ್ಗೆ ಈ ಕೂಸಿನ ನೆತ್ತಿ ನೋಡಿದ್ರಾ?"

"ನೋಡ್ದೆ."

"ಮತ್ತೆ?"

"ಓಡ್ಸಿ ಸತ್ಯವತಮ್ಮ," ಎಂದರು. "ನಿಲ್ಲಿಸ್ಬೇಡಿ. ಓಡ್ಸಿ."

ಆ ದಿನ ಸತ್ಯವತಿ ಅರವತ್ತೈದು ದಾಟಿಸಿದರು.

ಮನೆ ಮುಟ್ಟಿದಾಗ ಮೂರೂವರೆ. ಬೆಳಗಿನಿಂದ ಒದ್ದೆಯಾದದ್ದು ಒಂದೇ ಡೈಪರು ಎಂದ ತರುಣ್. ನಿಸರ್ಗಾ ಒಳಗೆ ಪಂಪು ಹಚ್ಚಿಕೊಂಡು ಕೂತಿದ್ದಳು, ಕೂಸು ಪಕ್ಕದಲ್ಲಿ ನಿದ್ದೆ ಹೋಗಿತ್ತು. ಇಷ್ಟೆಲ್ಲ ಹೇಳಿಕೊಂಡು ಬಂದ ಹೆಂಗಸು ನೇರವಾಗಿ ಡಬ್ಬಿಗೆ ಕೈ ಹಾಕಬಹುದಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅವರು ಹಾಗೆ ಮಾಡಲಿಲ್ಲ. ಅಡುಗೆಮನೆಗೆ ಹೋಗಿ ಜೇಬಿನ ಬೇರು ತೆಗೆದು, ಉಜ್ಜಿ ಉಜ್ಜಿ ತೊಳೆದು, ಜಜ್ಜಿ, ಹಾಲಿಗೆ ಹಾಕಿ ಒಲೆಯ ಮೇಲಿಟ್ಟರು. ಐವತ್ತು ವರ್ಷ ನಂಬಿದ ಕೈ, ತಲೆ ಬೇಡವೆಂದರೂ ತನ್ನ ಕೆಲಸ ತಾನು ಮಾಡಿತು. ಬಾಗಿಲಲ್ಲಿ ನಿಂತಿದ್ದ ಸತ್ಯವತಿ ಬೇರು ಕಂಡು ಒಲೆಯತ್ತ ಎರಡು ಹೆಜ್ಜೆ ಇಟ್ಟರು. ತರುಣ್ ಒಳಬಂದು ಪಾತ್ರೆ ನೋಡಿ, "ಏನಿದು ಅಜ್ಜಿ?" ಎಂದ.

ಅದೇ ಕೊನೆಯ ಗಳಿಗೆ. ಹಾಲಿಳಿಸುವ ಬೇರು ಅಂದಿದ್ದರೆ ಅವನು ನಂಬುತ್ತಿದ್ದ, ನಿಸರ್ಗಾ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು, ಇನ್ನೆರಡು ದಿನ ಸಿಗುತ್ತಿತ್ತು.

ದೊಡ್ಡತಾಯಮ್ಮ ಒಳಗೆ ಹೋಗಿ ಕೂಸಿನ ಟೋಪಿ ಸರಿಸಿ ನೆತ್ತಿ ಮುಟ್ಟಿದರು. ಬೆರಳನ್ನು ಅಲ್ಲೇ ಇಟ್ಟರು. ಹಿಂದಿರುಗಿ ಒಲೆ ಆರಿಸಿ, ಪಾತ್ರೆಯನ್ನು ಹಾಗೇ ಸಿಂಕಿಗೆ ಬಗ್ಗಿಸಿದರು.

"ತರುಣ, ಮೊದ್ಲು ಡಾಕ್ಟ್ರಿಗೆ ಫೋನ್ ಮಾಡು. ನೆತ್ತಿ ಒಳೀಕೆ ಹೋಗೈತೆ ಅಂತ ಹೇಳು. ಬೆಳಿಗ್ಗೇನೇ ಹೋಗಿತ್ತು, ಅಜ್ಜಿ ಹೇಳ್ಲಿಲ್ಲ ಅಂತಾನೂ ಹೇಳು. ಆ ಡಬ್ಬಿ ತೆಗಿ."

ಫೋನಿನಲ್ಲಿ ನರ್ಸು ಒಂದೊಂದಾಗಿ ಕೇಳಿದಳು, ಎಚ್ಚರವಾಗುತ್ತಾ, ಬಾಯಿ ಒಣಗಿದೆಯಾ, ಚೀಪುತ್ತಾ. ಈಗಲೇ ಎರಡು ಔನ್ಸು ಕೊಡಿ, ಕುಡಿಯದಿದ್ದರೆ ಅಥವಾ ಒಂದೂವರೆ ಗಂಟೆಯಲ್ಲಿ ಡೈಪರು ಒದ್ದೆಯಾಗದಿದ್ದರೆ ನೇರ ಎಮರ್ಜೆನ್ಸಿಗೆ ಬನ್ನಿ ಎಂದಳು. ತರುಣ್ ಕಾರಿನ ಬೀಗದ ಕೈ ಮೇಜಿನ ಮೇಲೆ ತೆಗೆದಿಟ್ಟ. ದೊಡ್ಡತಾಯಮ್ಮ ಕೂಸಿನ ಅಂಗಾಲು ತಟ್ಟಿ ಎಬ್ಬಿಸಿ ಬಾಟಲಿ ಹಿಡಿದರು. ಮೊದಲು ಬಾಯಿಯ ಪಕ್ಕದಿಂದ ಸೋರಿತು. ಆಮೇಲೆ ಬಾಟಲಿಯೊಳಗೆ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಐದೂಕಾಲಿಗೆ ಡೈಪರು ಒದ್ದೆಯಾಗಿತ್ತು. ತರುಣ್ ಅದನ್ನು ಕೈಯಲ್ಲಿ ತೂಗಿ ನೋಡಿ, ಸತ್ಯವತಿಗೂ ಕೊಟ್ಟ. ಅವರೂ ತೂಗಿ ನೋಡಿದರು.

ನಿಸರ್ಗಾ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನಿಮ್ಮ ಹೆಸರು ಕೆಡಿಸಿದೆ ಅಜ್ಜಿ," ಎಂದಳು.

"ನೋಡವ್ವ ಇಲ್ಲಿ," ಎಂದರು ದೊಡ್ಡತಾಯಮ್ಮ. "ಇಪ್ಪತ್ತೇಳು ಮನೆ ಅಂದ್ನಲ್ಲ, ಆರು ಮನೇಲಿ ಕಬೋರ್ಡಿನ ಹಿಂದೆ ಡಬ್ಬಿ ಬಚ್ಚಿಟ್ಟಿದ್ರು. ನನ್ನ ಕಣ್ಣಿಗೆ ಬಿದ್ದಿತ್ತು. ಕಾಣದಂಗೆ ಇದ್ದೆ. ಆ ಮಕ್ಕಳೆಲ್ಲ ಈಗ ಸಾಕರ್ ಆಡ್ತವೆ."

ನಿಸರ್ಗಾ ಹೊರಳಿ ನೋಡಿದಳು. "ನಿಜವಾಗ್ಲೂ?"

"ಕುಬೇರಪ್ಪನ ಮೊಮ್ಮಗನೂವೆ. ಆವಯ್ಯುಂಗೆ ಹೇಳ್ಬೇಡ."

ಹುಡುಗಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ದೊಡ್ಡತಾಯಮ್ಮ ಪಂಪಿನ ವೈರು ಗೋಡೆಯಿಂದ ಕಿತ್ತು ಸುತ್ತಿ ಕಪಾಟಿನಲ್ಲಿಟ್ಟರು. "ಇವತ್ತು ಇದ್ನ ಮುಟ್ಬೇಡ. ಮಲಿಕ್ಕೊ. ಮೈಗೆ ಬಲ ಬರ್ಲಿ ಮೊದ್ಲು," ಎಂದು ಬಾಗಿಲು ಮುಚ್ಚಿದರು. ಸತ್ಯವತಿ ಮನೆಗೆ ಹೊರಟಾಗ, ನಾಳೆ ಹನ್ನೊಂದಕ್ಕೆ ಫೋನು ಮಾಡುತ್ತೇನೆಂದರು.

ಎಂಟು ಗಂಟೆಗೆ ಕೂಸು ತಾನಾಗಿಯೇ ಎದ್ದು ಕಿರುಚಿ ಅತ್ತಿತು. ಮೂರು ತಾಸು ನಿದ್ದೆ ಮಾಡಿದ್ದ ನಿಸರ್ಗಾ ಮೊದಲು ಎದೆಗೆ ಹಾಕಿಕೊಂಡಳು, ಇದ್ದಷ್ಟು ಕುಡಿಸಿದಳು. ಆಮೇಲೆ ಬಾಟಲಿ ತಂದ ತರುಣನ ಕಡೆ ಕೈ ಚಾಚದೆ ಸುಮ್ಮನೆ ನೋಡಿದಳು. ದೊಡ್ಡತಾಯಮ್ಮ ಬಾಟಲಿ ಇಸಿದುಕೊಂಡು, ಮುಂಗೈ ಮೇಲೆ ಎರಡು ತೊಟ್ಟು ಬೀಳಿಸಿ ಬಿಸಿ ನೋಡಿದರು. ನಿಸರ್ಗಾಳ ಮೊಣಕೈ ಕೆಳಗೆ ದಿಂಬು ಕೊಟ್ಟು, ಕೂಸಿನ ತಲೆಯನ್ನು ತುಸು ಎತ್ತರಿಸಿ, ಬಾಟಲಿಯನ್ನು ಅವಳ ಕೈಯಲ್ಲಿಟ್ಟರು. ಆ ಕೈ ನಡುಗುತ್ತಿತ್ತು. ಅದರ ಮೇಲೆ ತಮ್ಮ ಕೈ ಇಟ್ಟು, ನಡುಕ ನಿಲ್ಲುವ ತನಕ ಹಿಡಿದುಕೊಂಡಿದ್ದರು. ನಿಂತ ಮೇಲೆ ಕೈ ತೆಗೆದು, ದೀಪ ಸಣ್ಣದು ಮಾಡಿ, ತಮ್ಮ ಚಿಕ್ಕ ಕೋಣೆಗೆ ಹೋಗಿ ಮಲಗಿದರು.